ಪ್ರೊ:

ಬೋರ್ಡಿನ ಮೇಲೆ ಅಪ್ಪ ಬರೆಸಿದ್ದ: ಪ್ರೊ: ಮೋನಾಚಾರ್.
ಕಟ್ಟಿನಕೆರೆ ಮಾರ್ಕೆಟ್ಟಿನ ಹುಡುಗರು ಬಹುಕಾಲ
ಅವನನ್ನು ಪ್ರೊಫೆಸರ್ ಅಂದುಕೊಂಡಿದ್ದರು.
ತಕ್ಕಡಿ ರಿಪೇರಿಯ ಪ್ರೊಫೆಸರ್!
ಅವನೂ ತಿದ್ದಲಿಲ್ಲ.

ಆ ಎರಡು ಚುಕ್ಕಿಯ ಮುಂದೆ ಈಗ ನಾನಿದ್ದೇನೆ, ಕಮಲಾಕ್ಷಿ,
ಹದಿನೇಳು ವರ್ಷದಿಂದ.
ನನ್ನ ಹೆಸರಿನ ಬಣ್ಣದಡಿ
ಅವನ 'ಮೋ' ಇನ್ನೂ ಉಬ್ಬಿ ಕಾಣುತ್ತದೆ.

ಆಡಿಟರ್ ಪದ್ಮರಾಜಯ್ಯ ಕನ್ನಡಕ ಒರೆಸಿಕೊಂಡು ಹೇಳಿದರು:
"ನೋಡಮ್ಮ, ಸದ್ಯಕ್ಕೆ ನೀನೂ ಅಂಗಡಿಯೂ ಒಂದೇ.
ಅದರ ಸಾಲ ನಿನ್ನ ಸಾಲ, ಅದರ ತಪ್ಪು ನಿನ್ನ ತಪ್ಪು.
ಅಮೀನ ಬಂದರೆ ಅಂಗಡಿ ಬಾಗಿಲಲ್ಲಿ ನಿಲ್ಲೋದಿಲ್ಲ,
ಅಡುಗೆಮನೆ ಫ್ರಿಜ್ಜಿಗೂ ಚೀಟಿ ಅಂಟಿಸ್ತಾನೆ.
ಕಂಪನಿ ಮಾಡಿದರೆ ಅದು ಬೇರೆ ವ್ಯಕ್ತಿ.
ಅದರದೇ ಪ್ಯಾನ್ ಕಾರ್ಡು, ಅದರದೇ ಸಾಲ.
ನೀನು ಹೋದರೂ ಅದು ಸಾಯೋದಿಲ್ಲ."

ಹೊಟ್ಟೆ ಹಸಿಯುತ್ತಾ ಅದಕ್ಕೆ? ಕೇಳಿದೆ.
"ಹಸಿಯದೆ? ವರ್ಷಾ ವರ್ಷಾ ಆಡಿಟ್ಟು, ರಿಟರ್ನು, ನನ್ನ ಫೀಜು.
ತಡವಾದರೆ ದಿನದ ಲೆಕ್ಕದಲ್ಲಿ ದಂಡ."

ಇದೆಲ್ಲ ಶುರುವಾದದ್ದು ಕಾಫಿ ಕ್ಯೂರಿಂಗಿನವರ ಒಂದು ಕಾಗದದಿಂದ.
ಲಾರಿ ತೂಗುವ ಅವರ ವೇಬ್ರಿಡ್ಜನ್ನು ಮೂರು ವರ್ಷ ನೋಡಿಕೊಳ್ಳಬೇಕು,
ಕೆಲಸ ಕೊಡುವುದು ಕಂಪನಿಗೆ ಮಾತ್ರ.
ಆಲೂಗಡ್ಡೆ ತಕ್ಕಡಿಯಲ್ಲಿ ನಾನು ತಪ್ಪಿದರೆ ಹೋಗುವುದು ಕಾಲು ಕೇಜಿ.
ಅಲ್ಲಿ ತಪ್ಪಿದರೆ ಮೂಟೆಗಳು,
ಮೂಟೆಗಳ ಹಿಂದೆ ವಕೀಲರು.

ಅಪ್ಪ ಒಮ್ಮೆ ತಪ್ಪಿದ್ದ.
ಅವನು ಸರಿಮಾಡಿ, ಸೀಲು ಹಾಕಿಸಿಕೊಟ್ಟ ಮಂಡಿಯ ದೊಡ್ಡ ಕಾಟಾ
ಒಂದು ಹಂಗಾಮು ಪೂರ್ತಿ
ಕ್ವಿಂಟಾಲಿಗೆ ಮುಕ್ಕಾಲು ಕೇಜಿ ನುಂಗುತ್ತಿತ್ತು.
ಯಾರೂ ಕೇಸು ಹಾಕಲಿಲ್ಲ.
ಅವನೇ ಮಂಡಿಯ ಪುಸ್ತಕ ಇಸಿದುಕೊಂಡು
ಶಾಂತಿಗ್ರಾಮ, ದುದ್ದ, ಕಟ್ಟಾಯ ಅಂತ ಸೈಕಲ್ ತುಳಿದು
ಮನೆಮನೆಗೆ ವ್ಯತ್ಯಾಸದ ದುಡ್ಡು ಕೊಟ್ಟುಬಂದ.
ಜನ ಇವತ್ತಿಗೂ ಆ ಕಥೆ ಹೇಳಿ ನನಗೆ ಕಾಫಿ ಕುಡಿಸುತ್ತಾರೆ.

ಅಮ್ಮನ ಬೆಂಡೋಲೆಯ ಕಥೆ ಅವರಿಗೆ ಗೊತ್ತಿಲ್ಲ.
ಅದನ್ನು ತೂಗಿದ ಅಕ್ಕಸಾಲಿಯ ತಕ್ಕಡಿಯನ್ನೂ
ರಿಪೇರಿ ಮಾಡಿದ್ದವನು ಅಪ್ಪನೇ.
ಒಂದು ಗುಲಗಂಜಿಯಷ್ಟೂ ಹೆಚ್ಚು ತೋರಿಸಲಿಲ್ಲ ಅದು.

ಲಿಮಿಟೆಡ್ ಅಂದಾಗ ನನಗೆ ಆ ಓಲೆ ನೆನಪಾಯಿತು.
ಇಲ್ಲಿಂದಾಚೆ ಬರಬೇಡ, ಕಿವಿಗೆ ಕೈಹಾಕಬೇಡ ಎಂದು
ಕಾನೂನೇ ಎಳೆದುಕೊಡುವ ಗೆರೆ.
ಅಮ್ಮ ಕೇಳಿದ್ದರೆ
ಓದಿಸಿಕೊಳ್ಳದೆಯೂ ಹೆಬ್ಬೆಟ್ಟು ಒತ್ತುತ್ತಿದ್ದಳು.

ಒಬ್ಬರೇ ಇರುವ ಕಂಪನಿ. ಅರ್ಜಿಯಲ್ಲಿ ಒಂದು ಖಾನೆ:
ನೀವಿಲ್ಲದ ದಿನ ಯಾರು?
ಲೋಡ್‌ಸೆಲ್ಲಿನ ತಂತಿ ಬೆಸೆಯುತ್ತಿದ್ದ ರಹಮತ್ತನ್ನು ಕೇಳಿದೆ,
"ನಿನ್ನ ಪೂರ್ತಿ ಹೆಸರೇನೋ?"
ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.
"ಯಾಕಕ್ಕ, ಕೆಲಸದಿಂದ ತೆಗೀತೀಯಾ?" ಅಂದ,
ತಲೆ ಎತ್ತದೆ.

ಕಂಪನಿ ಹುಟ್ಟಿತು, ಒಂದು ಮಂಗಳವಾರ, ಇಮೇಲಿನಲ್ಲಿ.
ಅಳಲಿಲ್ಲ.
ಇಪ್ಪತ್ತು ಕೇಜಿಯ ಬಟ್ಟುಗಳನ್ನು ಕೊಳ್ಳಲು ಅದಕ್ಕೆ ಸಾಲ ಬೇಕಿತ್ತು.
ಬ್ಯಾಂಕಿಗೆ ಹೋದೆವು, ನಾನೂ ಅದೂ.
ಮ್ಯಾನೇಜರು ಅದರ ಕಾಗದವನ್ನೆಲ್ಲ ಮುತುವರ್ಜಿಯಿಂದ ನೋಡಿ
ಪಕ್ಕಕ್ಕಿಟ್ಟು
ಇನ್ನೊಂದು ಹಾಳೆ ತೆಗೆದರು:
"ಇಲ್ಲಿ ನಿಮ್ಮ ವೈಯಕ್ತಿಕ ಜಾಮೀನು.
ಮನೆ ಪತ್ರ ತಂದಿದ್ದೀರಲ್ಲ?"

ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ.
ಗೊತ್ತಿಲ್ಲದೆ ಕೈ ಕಿವಿಗೆ ಹೋಯಿತು.
ನನ್ನವು ಉಮಾಗೋಲ್ಡು.
ಸೈನು ಹಾಕಿದೆ.

ಹೊರಗೆ ಬರುವಾಗ ಬೋರ್ಡು ಬರೆಯುವವನ ಫೋನು,
ಏಣಿ ಮೇಲಿಂದಲೇ:
"ಅಕ್ಕ, ಈ ಪ್ರೊ: ಅಳಿಸಲೋ, ಇರಲೋ?"
ಅಳಿಸು ಅಂದೆ.
ಮೇಲೆ ಬಣ್ಣ ಹೊಡಿ ಸಾಕು,
ಅಡಿಯದನ್ನು ಕೆರೆಯಬೇಡ.